ಮದುವೆ ಊಟದ ತಲೆಲೆಕ್ಕ: ‘ನೋಡೋಣ’ ಎಂದವರನ್ನು ಎಣಿಸುವುದು ಹೇಗೆ?

ಚಾತುರ್ಮಾಸ ಕಳೆದು ಮದುವೆ ಕಾಲ ಬಂತೆಂದರೆ, ಅಡುಗೆಯವರು ಬರೆದುಕೊಟ್ಟ ಪಟ್ಟಿ ಹಿಡಿದು ಅಂಗಡಿಗೆ ಬರುವ ಹೆಣ್ಣಿನ ತಂದೆ ಮೊದಲು ಕೇಳುವುದು ಅಕ್ಕಿಯ ದರವನ್ನಲ್ಲ. “ಅಣ್ಣಾ, ಎಷ್ಟು ಜನಕ್ಕೆ ಹಾಕಿಸಲಿ?” ಎಂದೇ ಕೇಳುತ್ತಾರೆ. ಕರೆದಿರುವುದು ಎಷ್ಟು ಮನೆ ಎಂಬುದು ಅವರಿಗೆ ಗೊತ್ತಿರುತ್ತದೆ. ಬರುವವರು ಎಷ್ಟು ಎಂಬುದು ಗೊತ್ತಿರುವುದಿಲ್ಲ. ಕೇಳಿದವರೆಲ್ಲ “ನೋಡೋಣ”, “ಬರೋಣ ಬಿಡಿ”, “ಯಾರಾದ್ರೂ ಒಬ್ಬರು ಬಂದೇ ಬರ್ತೀವಿ” ಎಂದಿರುತ್ತಾರೆ. ಮಧುಗಿರಿ ತಾಲ್ಲೂಕಿನ ನಮ್ಮ ಪುರವರ ಹೋಬಳಿಯಲ್ಲಿ ಕಿರಾಣಿ ವ್ಯಾಪಾರ ಮಾಡಿಕೊಂಡು, ಸಮಾಜದ ಮದುವೆಗಳಲ್ಲಿ ಉಗ್ರಾಣದ ಉಸ್ತುವಾರಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಹಳ ವರ್ಷಗಳಿಂದ ಬಂದಿದೆ. ಮನೆಯಲ್ಲಿ ಮದುವೆ ಇಟ್ಟುಕೊಂಡಿರುವ ಬಾಂಧವರಿಗೆ ಉಪಯೋಗವಾಗಲಿ ಎಂದು ಆ ಕೆಲಸದಲ್ಲಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಊಟ ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ ಎಂಬುದು ಎಲ್ಲ ಸಮಾಜಕ್ಕೂ ಇರುವ ಮಾತು. ನಮ್ಮಲ್ಲಿ ಅದು ಇನ್ನೂ ಬಿಗಿ. ಬೇರೆಯವರ ಮದುವೆಯಲ್ಲಿ ಮಧ್ಯಾಹ್ನ ಉಳಿದದ್ದು ರಾತ್ರಿಗೆ ಆಗುತ್ತದೆ, ರಾತ್ರಿಯದು ಮಾರನೇ ದಿನ ಚಿತ್ರಾನ್ನವಾಗುತ್ತದೆ. ನಮ್ಮಲ್ಲಿ ಸೂರ್ಯಾಸ್ತದ ನಂತರ ಎಲೆ ಹಾಕುವ ಹಾಗಿಲ್ಲ. ಬೇಯಿಸಿದ ಅನ್ನ, ಬೇಳೆಗೆ ಕೆಲವೇ ಗಂಟೆಗಳ ಮರ್ಯಾದೆ. ಹಾಗಾಗಿ ಉಳಿದದ್ದು ನಮಗೆ ಉಪಯೋಗಕ್ಕೆ ಬಾರದು. ಒಲೆ ಉರಿಸಿ, ನೀರು ಸೋಸಿ, ಕಾಯಿಪಲ್ಲೆ ಹೆಚ್ಚಿ ಮಾಡಿದ ಆರಂಭವೆಲ್ಲ ಗುಂಡಿಗೆ ಹೋದರೆ ಅದು ದುಡ್ಡಿನ ನಷ್ಟ ಮಾತ್ರವಲ್ಲ ಎಂಬುದನ್ನು ಶ್ರಾವಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಷ್ಟು ವ್ಯರ್ಥವಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಉಂಟು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಡಾ. ಕೆ. ನಾರಾಯಣಗೌಡರು ಕುಲಪತಿಗಳಾಗಿದ್ದಾಗ, 2012ರಲ್ಲಿ, ಬೆಂಗಳೂರಿನ 531 ಕಲ್ಯಾಣ ಮಂಟಪಗಳ ಪೈಕಿ 75ರಲ್ಲಿ ಸಮೀಕ್ಷೆ ಮಾಡಿಸಿದರು. ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತದೆ, ಅದರ ಬೆಲೆ ಸುಮಾರು 339 ಕೋಟಿ ರೂಪಾಯಿ ಎಂದು ಲೆಕ್ಕ ಕೊಟ್ಟರು. ಎಲೆಯಲ್ಲಿ ಬಿಟ್ಟದ್ದು ಬೇರೆ ವಿಷಯ, ಅದಕ್ಕೆ ಬಡಿಸುವವರ ಕೈ ಹದವಾಗಿರಬೇಕು. ಈ ಲೇಖನದಲ್ಲಿ ಹೇಳುವುದು ಎಲೆಗೇ ಬಾರದೆ ಪಾತ್ರೆಯಲ್ಲೇ ಉಳಿಯುವುದರ ಬಗ್ಗೆ. ಅದಕ್ಕೆ ಕಾರಣ ತಲೆಲೆಕ್ಕ ತಪ್ಪುವುದು.

ನಮ್ಮಲ್ಲಿ ‘ಬರುವುದಿಲ್ಲ’ ಎನ್ನುವುದಿಲ್ಲ

ಪೇಟೆಯಲ್ಲಿ ಈಗ ಕೆಲವರು ಲಗ್ನಪತ್ರಿಕೆಯ ಕೆಳಗೆ “ಬರುವುದನ್ನು ಮುಂಚಿತವಾಗಿ ತಿಳಿಸಿ” ಎಂದು ಅಚ್ಚು ಹಾಕಿಸುತ್ತಾರೆ. ವಿದೇಶದಲ್ಲಿರುವ ಮಕ್ಕಳು ಕಲಿಸಿದ ಪದ್ಧತಿ ಅದು. ನಮ್ಮ ಕಡೆ ನಡೆಯುವುದಿಲ್ಲ. ಪತ್ರಿಕೆ ಕೊಟ್ಟು, ಕುಂಕುಮ ಇಟ್ಟು, ಬಾಗಿಲಲ್ಲಿ ನಿಂತು ಕರೆದವರಿಗೆ “ನಾವು ಬರುವುದಿಲ್ಲ” ಎಂದು ಮುಖಕ್ಕೆ ಹೇಳುವುದು ಶುಭಕಾರ್ಯಕ್ಕೆ ಅಡ್ಡ ಮಾತಾಡಿದ ಹಾಗೆ. ಅದನ್ನು ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಆದ್ದರಿಂದ ‘ಇಲ್ಲ’ ಎಂಬುದು ಬೇರೆ ವೇಷದಲ್ಲಿ ಬರುತ್ತದೆ, ಅದನ್ನು ಗುರುತು ಹಿಡಿಯಬೇಕು.

“ಬಂದೇ ಬರ್ತೀವಿ, ಹಿಂದಿನ ದಿನವೇ ಬಂದುಬಿಡ್ತೀವಿ” ಎಂದವರು ಬರುತ್ತಾರೆ. ಹಿಂದಿನ ದಿನ ಬಾರದಿದ್ದರೂ ಮುಹೂರ್ತಕ್ಕೆ ಬರುತ್ತಾರೆ. “ಯಾರಾದ್ರೂ ಒಬ್ಬರು ಬರ್ತೀವಿ” ಎಂದರೆ ಒಬ್ಬರೇ, ಅದೂ ಸಾಮಾನ್ಯವಾಗಿ ಯಜಮಾನರು, ಊಟದ ಹೊತ್ತಿಗೆ. “ಅವತ್ತೇ ಇನ್ನೊಂದು ಮದುವೆ ಇದೆ, ಎರಡಕ್ಕೂ ಮುಖ ತೋರಿಸ್ತೀವಿ” ಎಂದವರು ಅಕ್ಷತೆ ಹಾಕಿ ಹೋಗುತ್ತಾರೆ. ಊಟ ಎಲ್ಲಿ ಎಂಬುದು ನಂಟು ಎಷ್ಟು ಹತ್ತಿರ ಎಂಬುದರ ಮೇಲೆ. “ಮಗನಿಗೆ ರಜಾ ಸಿಕ್ಕಿದರೆ” ಎಂದರೆ ಮಗ ಬರುವುದಿಲ್ಲ, ತಂದೆ ತಾಯಿ ಬಸ್ಸಿನಲ್ಲಿ ಬರುತ್ತಾರೆ. “ನಮ್ಮ ಆಶೀರ್ವಾದ ಯಾವಾಗಲೂ ಇದ್ದೇ ಇದೆ” ಎಂದು ಹಿರಿಯರೊಬ್ಬರು ಹೇಳಿದರೆ ಅದು ಪೂರ್ಣ ಉತ್ತರ. ಅವರನ್ನು ಮತ್ತೆ ಕೇಳಿ ಮುಜುಗರ ಮಾಡಬೇಡಿ.

ಇನ್ನು ಬರಿಯ “ನೋಡೋಣ”. ಇದರಲ್ಲಿ ಎರಡು ಜಾತಿ. ಗಂಡಸರು ಹೇಳಿದ “ನೋಡೋಣ”ಕ್ಕೆ ಹೆಚ್ಚು ಅರ್ಥವಿಲ್ಲ, ಅವರಿಗೆ ಅಂದು ಏನಿದೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಮನೆಯ ಹೆಂಗಸರು “ನೋಡೋಣ” ಎಂದರೆ ಮನೆಯಲ್ಲಿ ಏನೋ ಅಡಚಣೆ ಇದೆ ಎಂದು ತಿಳಿಯಬೇಕು: ಮಗಳ ಬಾಣಂತನ, ಅತ್ತೆಯ ಕಾಯಿಲೆ, ಇಲ್ಲವೇ ಹಿಂದಿನ ಯಾವುದೋ ಮದುವೆಯಲ್ಲಿ ಆದ ಬೇಸರ. ಬೇಸರವಾದರೆ ಅದನ್ನು ತಲೆಲೆಕ್ಕದ ವಿಷಯ ಮಾಡದೆ ಮನೆಯ ಹಿರಿಯರು ಹೋಗಿ ಕೂತು ಮಾತಾಡಿ ಬರುವುದು ಒಳ್ಳೆಯದು.

ಉತ್ತರ ಬರಬೇಕಾದರೆ ಪ್ರಶ್ನೆ ಬೇರೆ ಇರಬೇಕು

“ಬರ್ತೀರಾ ಇಲ್ವಾ?” ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಊಟದ ಲೆಕ್ಕಕ್ಕಾಗಿ ಕೇಳುತ್ತಿದ್ದಾರೆ ಎಂದು ಗೊತ್ತಾದರೆ ಕೆಲವರಿಗೆ ಅವಮಾನವೂ ಆಗುತ್ತದೆ. ಅನುಕೂಲದ ಮಾತಾಗಿ ಕೇಳಬೇಕು. “ಅತ್ತಿಗೆ, ಮಧುಗಿರಿಯಿಂದ ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಡುತ್ತೆ, ನಿಮಗೆ ಎಷ್ಟು ಸೀಟು ಹಿಡೀಲಿ?” “ಮಾವ, ರೂಮು ಬೇಕಾ, ಇಲ್ಲಾ ನಮ್ಮ ಮನೇಲೇ ಇಳ್ಕೊಳ್ತೀರಾ?” “ಚಿಕ್ಕಮ್ಮ, ನಿಮಗೆ ಅವತ್ತು ಏಕಭುಕ್ತವಾ?” ಸೀಟಿಗೆ, ರೂಮಿಗೆ ಯಾರೂ ಸುಮ್ಮನೆ ಸಂಖ್ಯೆ ಹೇಳುವುದಿಲ್ಲ. ಹೇಳಿದರೆ ಅದು ನಿಜವಾದ ಸಂಖ್ಯೆ.

ಕೇಳುವವರು ಯಾರು ಎಂಬುದೂ ಮುಖ್ಯ. ಮದುವೆ ಮನೆಯ ಯಜಮಾನರೇ ಫೋನು ಹಿಡಿದು ಮುನ್ನೂರು ಮನೆಗೆ ಕೇಳಲು ಆಗುವುದಿಲ್ಲ, ಕೇಳಿದರೂ ದಾಕ್ಷಿಣ್ಯಕ್ಕೆ “ಬರ್ತೀವಿ” ಎಂಬ ಉತ್ತರವೇ ಬರುತ್ತದೆ. ಊರಿಗೊಬ್ಬರನ್ನು ಹಿಡಿಯಬೇಕು. ಸಿರಾದ ಕಡೆಗೆ ಒಬ್ಬರು, ಕೊರಟಗೆರೆ ಕಡೆಗೆ ಒಬ್ಬರು, ಪಾವಗಡಕ್ಕೆ ಒಬ್ಬರು, ಗಡಿಯಾಚೆ ಮಡಕಶಿರಾ, ಅಮರಾಪುರದ ನಂಟರಿಗೆ ಅಲ್ಲಿಯವರೇ ಒಬ್ಬರು, ಬೆಂಗಳೂರಿನಲ್ಲಿ ಇರುವವರಿಗೆ ಸೊಸೆಯೋ ಅಳಿಯನೋ ಒಬ್ಬರು. ಆಯಾ ಊರಿನವರಿಗೆ ಅಲ್ಲಿ ಯಾರ ಮನೆಯಲ್ಲಿ ಏನು ನಡೆದಿದೆ, ಯಾರಿಗೆ ಸೂತಕ ಬಂದಿದೆ, ಯಾರ ಮಗನಿಗೆ ಪಿಯುಸಿ ಪರೀಕ್ಷೆ ಎಂಬುದೆಲ್ಲ ತಿಳಿದಿರುತ್ತದೆ. ಅವರು ಕೇಳದೆಯೇ ಅರ್ಧ ಲೆಕ್ಕ ಹೇಳಿಬಿಡುತ್ತಾರೆ.

ವಾಟ್ಸಾಪಿನ ಮಾತು ಹೇಳಲೇಬೇಕು. ಪತ್ರಿಕೆಯ ಫೋಟೋ ಗುಂಪಿಗೆ ಹಾಕಿ “ಇದನ್ನೇ ವೈಯಕ್ತಿಕ ಆಹ್ವಾನವೆಂದು ತಿಳಿಯಿರಿ” ಎಂದು ಬರೆಯುವುದು ಈಗ ಸಾಮಾನ್ಯವಾಗಿದೆ. ಕೈ ಮುಗಿದ ಚಿತ್ರ ನೂರು ಬರುತ್ತವೆ. ಅದರಲ್ಲಿ ಒಂದನ್ನೂ ತಲೆಯಾಗಿ ಎಣಿಸಬೇಡಿ. ಫೋನಿನಲ್ಲಿ ಕಳಿಸಿದ ಕರೆಗೆ ನಮ್ಮ ವಯಸ್ಸಿನವರು ಬರುವುದಿಲ್ಲ, ಹುಡುಗರು ಬರುತ್ತಾರೆ, ಬಂದರೆ ಗೆಳೆಯರ ಜೊತೆ ಬರುತ್ತಾರೆ. 2020ರ ಮೇ ತಿಂಗಳಲ್ಲಿ ಕೊರೋನಾ ಕಾರಣಕ್ಕೆ ಮದುವೆಗೆ 50 ಜನ ಎಂದು ಕೇಂದ್ರ ಸರ್ಕಾರ ಮಿತಿ ಹಾಕಿತಲ್ಲ, ಆಗ ಶುರುವಾದ ‘ಅಲ್ಲಿಂದಲೇ ಆಶೀರ್ವದಿಸಿ’ ಪತ್ರಿಕೆ ಕೆಲವರಿಗೆ ಅಭ್ಯಾಸವಾಗಿ ನಿಂತಿದೆ. ಆ ದಿನಗಳಲ್ಲಿ ನಡೆದ ಮದುವೆಗಳಲ್ಲಿ ಒಂದು ಎಲೆಯೂ ಹೆಚ್ಚಾಗಲಿಲ್ಲ ಎಂಬುದು ನಿಜ. ಆದರೆ ಅದು ಯಾರಿಗೂ ಮದುವೆ ಎನಿಸಲೂ ಇಲ್ಲ.

ಎರಡು ಲೆಕ್ಕ ಇಡಬೇಕು, ಒಂದಲ್ಲ

ಎಲ್ಲರೂ ತಪ್ಪುವುದು ಇಲ್ಲಿಯೇ. “ಒಂದು ಸಂಖ್ಯೆ ಹೇಳಿ” ಎಂದು ಅಡುಗೆಯವರು ಕೇಳುತ್ತಾರೆ, ಇವರು ಭಯದಲ್ಲಿ ದೊಡ್ಡ ಸಂಖ್ಯೆ ಹೇಳುತ್ತಾರೆ. ಬೇಕಾದದ್ದು ಎರಡು ಸಂಖ್ಯೆ. ನಾನು ಅವನ್ನು ಒಲೆ ಲೆಕ್ಕ, ಮೂಟೆ ಲೆಕ್ಕ ಎನ್ನುತ್ತೇನೆ. ಖಂಡಿತ ಬರುವವರಿಗಾಗಿ ಒಲೆ ಮೇಲೆ ಇಡುವುದು ಒಲೆ ಲೆಕ್ಕ. ಬಂದರೂ ಬರಬಹುದು ಎಂಬುವರಿಗಾಗಿ ಬೇಯಿಸದೆ ಉಗ್ರಾಣದಲ್ಲಿ ಇಟ್ಟಿರುವುದು ಮೂಟೆ ಲೆಕ್ಕ.

ಒಂದು ಉದಾಹರಣೆ ನೋಡಿ. ಪುಸ್ತಕದಲ್ಲಿ 320 ಮನೆ ಇವೆ ಎನ್ನೋಣ. ರಕ್ತಸಂಬಂಧ ಮತ್ತು ಬೀಗರ ಕಡೆಯ ಹತ್ತಿರದವರು 40 ಮನೆ. ಅವರು ಸಕುಟುಂಬ ಬರುತ್ತಾರೆ, ಮನೆಗೆ ನಾಲ್ವರಂತೆ 160. ದೂರದ ನಂಟರು ಮತ್ತು ಸಮಾಜದವರು 110 ಮನೆ, ಮನೆಗೆ ಇಬ್ಬರಂತೆ 220. ಊರಿನವರು 120 ಮನೆ, ಊಟಕ್ಕೆ ಮನೆಗೊಬ್ಬರು, 120. ವ್ಯಾಪಾರದ ಗುರುತಿನವರು, ಕಚೇರಿಯವರು, ಮಕ್ಕಳ ಸ್ನೇಹಿತರು 50 ಪತ್ರಿಕೆ, ಅರ್ಧ ಜನ ಜೋಡಿಯಾಗಿ ಬಂದರೆ 50. ಇದರ ಮೇಲೆ ಯಾರೂ ಬರೆಯದ ತಲೆಗಳು: ವಾಲಗದವರು, ಫೋಟೋದವರು, ಡ್ರೈವರುಗಳು, ಅಡುಗೆಯವರು, ಬಡಿಸುವವರು, ಹೂವಿನವರು. 40 ಇಡಿ. ಒಟ್ಟು 590.

ಈಗ ಹತ್ತಿರದವರನ್ನು ಮತ್ತು ಕೆಲಸದವರನ್ನು ಪೂರ್ತಿ ಇಟ್ಟು, ಉಳಿದ ಮೂರು ಗುಂಪನ್ನು ಅರ್ಧ ಮಾಡಿ. 160, 110, 60, 25, 40. ಒಟ್ಟು 395. ಅಂದರೆ ಒಲೆ ಲೆಕ್ಕ 400, ಮೂಟೆ ಲೆಕ್ಕ ಇನ್ನೂ 200. ಛತ್ರ ಊರಿನಲ್ಲೇ ಇಲ್ಲದೆ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇದ್ದರೆ ಊರಿನವರ ಸಂಖ್ಯೆ ಇನ್ನೂ ಇಳಿಯುತ್ತದೆ, ಬಸ್ಸು ಮಾಡಿದರೆ ಬಸ್ಸಿನ ಸೀಟಿನಷ್ಟಕ್ಕೆ ನಿಲ್ಲುತ್ತದೆ.

ಈ ಇನ್ನೂರು ಜನದ ಅನುಮಾನಕ್ಕೆ ಎಷ್ಟೋ ತಂದೆಯರು ನಿದ್ದೆಗೆಡುತ್ತಾರೆ. ಅಂಗಡಿಯವನ ಕಣ್ಣಿನಿಂದ ನೋಡಿ. ಬಾಳೆಎಲೆ ಊಟಕ್ಕೆ ನಾವು ನೂರು ಜನಕ್ಕೆ 12 ಕೆ.ಜಿ. ಅಕ್ಕಿ ಹಿಡಿಯುತ್ತೇವೆ. ಇನ್ನೂರು ಜನಕ್ಕೆ 24 ಕೆ.ಜಿ. ಅಂದರೆ 25 ಕೆ.ಜಿ.ಯ ಒಂದು ಮೂಟೆ! ಬೇಳೆ ಎಂಟು ಹತ್ತು ಕೆ.ಜಿ. ಇಷ್ಟೇ. ಬಿಚ್ಚದ ಮೂಟೆ, ಒಡೆಯದ ಎಣ್ಣೆ ಟಿನ್ನು, ಸಕ್ಕರೆ, ಬೇಳೆ, ಬೆಲ್ಲ ಇವನ್ನು ಮದುವೆಯ ಮಾರನೇ ದಿನ ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ಕಡೆಯ ಅಂಗಡಿಗಳಲ್ಲಿ ಹಿಂದಿನಿಂದ ಇದೆ. ಸಾಮಾನು ಹಾಕಿಸುವಾಗಲೇ ಬಾಯಿ ಮಾತಿನಲ್ಲಿ ಮಾಡಿಕೊಳ್ಳಿ, ಚೀಟಿಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ಮೂಟೆಯ ಹೊಲಿಗೆ ಬಿಚ್ಚಬಾರದು, ತೇವ ತಗುಲಬಾರದು, ಅಷ್ಟೇ ಷರತ್ತು. ಉಗ್ರಾಣದಲ್ಲಿ ಒಬ್ಬ ಜವಾಬ್ದಾರಿ ಮನುಷ್ಯ ಬೀಗದ ಕೈ ಇಟ್ಟುಕೊಂಡು ಕೂರಬೇಕು ಎನ್ನುವುದು ಇದಕ್ಕೇ. ಇಲ್ಲದಿದ್ದರೆ ಅಡುಗೆಯವರು ಇದ್ದದ್ದನ್ನೆಲ್ಲ ಬಿಚ್ಚಿ ಸುರಿದುಬಿಡುತ್ತಾರೆ.

ನಿಜವಾದ ನಷ್ಟ ಅಕ್ಕಿಯಲ್ಲಿ ಇಲ್ಲ. ತರಕಾರಿ, ಹಾಲು, ಮೊಸರು, ಎಲೆ ಮತ್ತು ಸಿಹಿ, ಇವು ವಾಪಸು ಹೋಗುವುದಿಲ್ಲ. ಮುಖ್ಯವಾಗಿ ಸಿಹಿ. ಇನ್ನೂರು ಜನಕ್ಕೆ ತಲಾ ಎರಡು ಒಬ್ಬಟ್ಟು ಎಂದರೆ ನಾನೂರು ಒಬ್ಬಟ್ಟು, ಅದನ್ನು ಬೆಳಗಿನ ಜಾವದಿಂದಲೇ ತಟ್ಟಬೇಕು, ಜನ ಬಾರದಿದ್ದರೆ ಹೂರಣ ಹಳಸುತ್ತದೆ. ಆದ್ದರಿಂದ ಅನುಮಾನ ಜಾಸ್ತಿ ಇರುವ ಮದುವೆಗೆ ಒಬ್ಬಟ್ಟು ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಬ್ಬಟ್ಟಿಲ್ಲದ ಊಟ ಊಟವೇ ಎಂದು ಜಗಳಕ್ಕೆ ಬರುವವರಿದ್ದಾರೆ, ಬರಲಿ. ತುಪ್ಪದಲ್ಲಿ ಮಾಡಿದ ಲಾಡು, ಮೈಸೂರುಪಾಕು ಆದರೆ ಎಣಿಸಿ ಇಡಬಹುದು, ಉಳಿದರೆ ಮನೆಮನೆಗೆ ಕಟ್ಟಿ ಕೊಡಬಹುದು. ಪಾಯಸವಾದರೆ ಇನ್ನೂ ಸುಲಭ, ಎರಡನೇ ಪಂಕ್ತಿ ನೋಡಿಕೊಂಡು ಮತ್ತೊಂದು ಪಾತ್ರೆ ಏರಿಸಬಹುದು.

ಗೆಡ್ಡೆ ಗೆಣಸು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ನಮ್ಮ ಅಡುಗೆಗೆ ಒಂದು ತೊಡಕಿದೆ. ಬೇರೆಯವರು ಜನ ಹೆಚ್ಚಾದರೆ ಆಲೂಗಡ್ಡೆ ಪಲ್ಯ ಮಾಡಿ ಸುಧಾರಿಸಿಕೊಳ್ಳುತ್ತಾರೆ, ಮೂಟೆ ಆಲೂಗಡ್ಡೆ ವಾರವಿಟ್ಟರೂ ಕೆಡುವುದಿಲ್ಲ. ನಮಗೆ ಆ ದಾರಿ ಇಲ್ಲ. ಇಟ್ಟರೆ ತಡೆಯುವ ತರಕಾರಿ ಎಂದರೆ ಕುಂಬಳಕಾಯಿ, ಬೂದುಗುಂಬಳ, ಬಾಳೆಕಾಯಿ, ಸೌತೆಕಾಯಿ. ಮೂಟೆ ಲೆಕ್ಕದ ತರಕಾರಿಯನ್ನು ಇವುಗಳಲ್ಲೇ ಇಡಿ. ಒಡೆಯದ ಬೂದುಗುಂಬಳ ಮದುವೆಯಾದ ಮೇಲೂ ಮನೆಯಲ್ಲಿ ಇರುತ್ತದೆ. ಬೀನ್ಸು, ಸೊಪ್ಪು, ಬದನೆ ಒಲೆ ಲೆಕ್ಕದಷ್ಟೇ ಸಾಕು.

ಪಂಕ್ತಿಯಿಂದ ಪಂಕ್ತಿಗೆ ಬೇಯಿಸುವುದನ್ನು ಒಪ್ಪದ ಅಡುಗೆಯವರನ್ನು ಹಿಡಿಯಬೇಡಿ. ಮೊದಲ ಪಂಕ್ತಿ ಕೂತಾಗ ಎಲೆ ಎಣಿಸಬೇಕು, ಮಂಟಪದಲ್ಲಿ ಕುಳಿತವರನ್ನು ಕಣ್ಣಳತೆಯಲ್ಲಿ ನೋಡಬೇಕು, ಆಗ ಎರಡನೇ ಕೊಪ್ಪರಿಗೆಗೆ ಅಕ್ಕಿ ಹಾಕಬೇಕೇ ಎಂದು ತೀರ್ಮಾನ. ನೀರು ಮೊದಲೇ ಕಾದಿದ್ದರೆ ಅನ್ನ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ. ದೊಡ್ಡ ಕ್ಷೇತ್ರಗಳಲ್ಲಿ ನಡೆಯುವುದೂ ಹೀಗೆಯೇ. ಧರ್ಮಸ್ಥಳದ ಅನ್ನಪೂರ್ಣ ಛತ್ರಕ್ಕೆ ದಿನಕ್ಕೆ ಹತ್ತಾರು ಸಾವಿರ ಜನ ಬರುತ್ತಾರೆ, ಯಾರೂ ಮುಂಚೆ ತಿಳಿಸಿ ಬರುವುದಿಲ್ಲ. ಹಬೆಯಲ್ಲಿ ಅನ್ನ ಬೇಯುತ್ತಲೇ ಇರುತ್ತದೆ, ಬಂದವರು ಉಣ್ಣುತ್ತಲೇ ಇರುತ್ತಾರೆ. ಅದೇ ಕ್ಷೇತ್ರದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1972ರಿಂದ ನಡೆಸಿಕೊಂಡು ಬಂದಿರುವ ಸಾಮೂಹಿಕ ವಿವಾಹಕ್ಕೆ ಮಾತ್ರ ವಧೂವರರು ಮುಂಚಿತವಾಗಿ ಹೆಸರು ನೋಂದಾಯಿಸಲೇಬೇಕು.

ಈಗ ಎಲೆಗೆ ಇಷ್ಟು ಎಂದು ಕಂಟ್ರಾಕ್ಟಿಗೆ ಕೊಡುವವರು ಹೆಚ್ಚು. ಅದರಲ್ಲಿ ‘ಕನಿಷ್ಠ ಎಲೆ’ ಎಂಬ ಮಾತು ಇರುತ್ತದೆ: ಜನ ಬರಲಿ ಬಿಡಲಿ ಅಷ್ಟು ಎಲೆಯ ದುಡ್ಡು ಕೊಡಬೇಕು. ಕನಿಷ್ಠವನ್ನು ಒಲೆ ಲೆಕ್ಕಕ್ಕೆ ನಿಲ್ಲಿಸಿ, ಅದರ ಮೇಲೆ ಕೂತ ಪ್ರತಿ ಎಲೆಗೆ ಸ್ವಲ್ಪ ಜಾಸ್ತಿ ದರ ಕೊಟ್ಟರೂ ನಷ್ಟವಿಲ್ಲ. ಎಲೆ ಎಣಿಸಲು ಅವರ ಕಡೆ ಒಬ್ಬ, ನಿಮ್ಮ ಕಡೆ ಒಬ್ಬ ಇರಲಿ. ಊಟ ಮುಗಿದ ಮೇಲೆ ಎಂಜಲೆಲೆ ರಾಶಿಯ ಹತ್ತಿರ ನಿಂತು ವಾದ ಮಾಡುವುದು ಚೆನ್ನಾಗಿರುವುದಿಲ್ಲ.

ತಿಥಿ, ಮುಹೂರ್ತ, ಸೂರ್ಯಾಸ್ತ

ಕೆಲವು ಸಂಖ್ಯೆ ಜನರ ಮಾತಿನಲ್ಲಿ ಸಿಗುವುದಿಲ್ಲ, ಪಂಚಾಂಗದಲ್ಲಿ ಸಿಗುತ್ತದೆ. ಚಾತುರ್ಮಾಸ ಕಳೆದ ಮೇಲೆ ಒಳ್ಳೆಯ ಮುಹೂರ್ತಗಳು ಕೆಲವೇ, ಒಂದೇ ದಿನ ಸಮಾಜದಲ್ಲಿ ನಾಲ್ಕು ಮದುವೆ ಬೀಳುತ್ತವೆ. ದಿನ ಗೊತ್ತು ಮಾಡುವ ಮೊದಲು ಬಸದಿಯ ಪುರೋಹಿತರನ್ನು ಕೇಳಿದರೆ ಅವರಿಗೆ ಅಂದು ಎಲ್ಲೆಲ್ಲಿ ಕರೆ ಬಂದಿದೆ ಎಂದು ತಿಳಿಯುತ್ತದೆ. ಅದು ತಿಳಿದರೆ ನಿಮ್ಮ ಜನ ಎಷ್ಟು ಹಂಚಿಹೋಗುತ್ತಾರೆ ಎಂಬುದು ತಿಳಿದ ಹಾಗೆ. ಅಷ್ಟಮಿ, ಚತುರ್ದಶಿಯಂದು ಬಿದ್ದರೆ ಹಿರಿಯರಲ್ಲಿ ಅನೇಕರು ಬರುತ್ತಾರೆ, ಉಪವಾಸ ಅಥವಾ ಏಕಭುಕ್ತದಲ್ಲಿ ಇರುತ್ತಾರೆ. ಹಸಿರು ಕಾಯಿಪಲ್ಲೆ ಮುಟ್ಟದವರೂ ಇರುತ್ತಾರೆ. ಅಂದು ಸಂಜೆಯ ಎಲೆ ಕಡಿಮೆಯಾಗುತ್ತದೆ, ಬೆಳಗಿನ ಊಟ ಭಾರವಾಗುತ್ತದೆ. ಶೇಂಗಾ ಕೀಳುವ ಕಾಲ, ಹುಣಸೆ ಬಡಿಯುವ ಕಾಲವಾದರೆ ಹಳ್ಳಿಯವರು ಮನೆಗೊಬ್ಬರೇ, ಅದೂ ತಡವಾಗಿ.

ಇದರ ಉಲ್ಟಾ ಒಂದಿದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದ ನಂಟರು ಮದುವೆ ಮುಗಿಸಿಕೊಂಡು ತಕ್ಷಣ ಹೊರಡುವುದಿಲ್ಲ. ಮಧುಗಿರಿಯ ಮಲ್ಲಿನಾಥ ಬಸದಿ, ತುಮಕೂರಿನ ಹತ್ತಿರದ ಮಂದರಗಿರಿ ನೋಡಿಕೊಂಡು ಹೋಗೋಣ ಎನ್ನುತ್ತಾರೆ. ಮಾರನೇ ದಿನದ ತಿಂಡಿಗೆ ಅವರನ್ನು ಎಣಿಸಿಕೊಳ್ಳಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ, ಆಮೇಲೆ ಮನೆಯ ಹೆಂಗಸರು ದಣಿದ ಮೈಯಲ್ಲಿ ಮೂವತ್ತು ಜನಕ್ಕೆ ಉಪ್ಪಿಟ್ಟು ಕೆದಕಬೇಕಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಸಂಜೆಯ ಆರತಕ್ಷತೆಯದು. ನಮ್ಮ ಸೀಮೆಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು 5:50ರ ಆಸುಪಾಸು, ಮೇ ಕೊನೆಗೆ 6:40ರ ಆಸುಪಾಸು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮ ಇರುವವರಿಗೆ ನವೆಂಬರಿನಲ್ಲಿ ಐದು ಗಂಟೆಗೇ ಎಲೆ ಮಡಚಬೇಕು. ಬೆಂಗಳೂರಿನ ಕಚೇರಿ ಬಿಟ್ಟು ಹೊರಟ ಮಗನ ಸ್ನೇಹಿತರು ಬರುವುದು ಏಳೂವರೆಗೆ. ಅವರಿಗಾಗಿ ಇಟ್ಟರೆ ನಿಯಮ ಹೋಯಿತು, ಇಡದಿದ್ದರೆ ದೂರದಿಂದ ಬಂದವರು ಹಸಿದು ಹೋದರು. ಎಷ್ಟೋ ಮನೆಗಳಲ್ಲಿ ಈ ವಿಷಯಕ್ಕೆ ತಂದೆ ಮಗನ ನಡುವೆ ಮಾತು ಬಿಟ್ಟಿದ್ದೂ ಇದೆ. ಕೆಲವರು ಇನ್ನೊಬ್ಬರ ಹೆಸರಿನಲ್ಲಿ ಛತ್ರದ ಹಿಂಭಾಗದಲ್ಲಿ ರಾತ್ರಿ ಊಟ ಹಾಕಿಸುತ್ತಾರೆ. ಅದು ಸರಿಯಲ್ಲ ಎನ್ನುವುದು ನನ್ನ ಮಾತು. ಆರತಕ್ಷತೆಯನ್ನೇ ಮಧ್ಯಾಹ್ನಕ್ಕೆ, ಮುಹೂರ್ತದ ದಿನಕ್ಕೆ, ಸಾಧ್ಯವಾದರೆ ಭಾನುವಾರಕ್ಕೆ ತಂದುಬಿಟ್ಟರೆ ಎರಡೂ ಉಳಿಯುತ್ತದೆ. ಆಗದಿದ್ದರೆ ಪತ್ರಿಕೆಯಲ್ಲೇ ದಪ್ಪ ಅಕ್ಷರದಲ್ಲಿ ‘ಭೋಜನ: ಸಂಜೆ 4ರಿಂದ ಸೂರ್ಯಾಸ್ತದವರೆಗೆ’ ಎಂದು ಅಚ್ಚು ಹಾಕಿಸಿ. ಜೈನೇತರ ಸ್ನೇಹಿತರು ಇದನ್ನು ತಪ್ಪು ತಿಳಿಯುವುದಿಲ್ಲ, ತಿಳಿಸದೆ ಇದ್ದರೆ ತಪ್ಪು ತಿಳಿಯುತ್ತಾರೆ. ಈ ಒಂದು ಸಾಲು ಅಚ್ಚಾದ ಮದುವೆಗಳಲ್ಲಿ ಸಂಜೆಯ ಸಂಖ್ಯೆ ಎಷ್ಟೋ ಸರಿಯಾಗಿ ಬಂದದ್ದನ್ನು ನೋಡಿದ್ದೇನೆ, ಏಕೆಂದರೆ ಹೊತ್ತಿಗೆ ಬರಲಾಗದವರು ತಾವೇ ಫೋನು ಮಾಡಿ ಹೇಳುತ್ತಾರೆ.

ಬೀಗರ ಸಂಖ್ಯೆ

ನೂರೈವತ್ತು ಜನ ಬರುತ್ತೇವೆ ಎಂದು ಹೇಳಿದ ಗಂಡಿನ ಕಡೆಯವರು ಇನ್ನೂರೈವತ್ತರ ಮೇಲೆ ಬಂದ ಮದುವೆಯೊಂದು ನಮ್ಮ ತಾಲ್ಲೂಕಿನಲ್ಲಿ ನಡೆಯಿತು. ಯಾರಿಗೂ ಕಡಿಮೆ ಮಾಡಲಿಲ್ಲ. ಕಡಿಮೆಯಾದದ್ದು ಕೊನೆಯ ಪಂಕ್ತಿಗೆ. ಆ ಪಂಕ್ತಿಯಲ್ಲಿ ಕೂತವರು ಹೆಣ್ಣಿನ ಸೋದರಮಾವ, ಅತ್ತೆಯರು, ಬೆಳಿಗ್ಗೆಯಿಂದ ಓಡಾಡಿದ ಮನೆಯ ಮಕ್ಕಳು. ಅವರಿಗೆ ಅನ್ನ, ಸಾರು, ಮಜ್ಜಿಗೆ ಮಾತ್ರ ಸಿಕ್ಕಿತು. ಹುಡುಗಿ ಧಾರೆ ಸೀರೆಯಲ್ಲಿ ಬಂದು ಮಾವನ ಎಲೆ ನೋಡಿ ಅಲ್ಲೇ ಕಣ್ಣೀರು ಹಾಕಿದಳು. ತಂದೆ ಬಾಯಿ ಬಿಡಲಿಲ್ಲ. ಮೊದಲೇ ಸಾಲ ಮಾಡಿ ಮಾಡಿದ ಮದುವೆ ಅದು.

ಇಂಥದ್ದನ್ನು ತಡೆಯಲು ಎರಡು ಮನೆಯವರೂ ನಿಶ್ಚಿತಾರ್ಥದ ದಿನವೇ ಸಂಖ್ಯೆಯ ಮಾತು ಆಡಬೇಕು. ಹೆಣ್ಣಿನ ತಂದೆ ನೇರವಾಗಿ ಕೇಳಿದರೆ ಹಿಡಿತದವರು ಎನ್ನುತ್ತಾರೆ ಎಂಬ ಅಂಜಿಕೆ ಇದ್ದರೆ ಮಧ್ಯಸ್ಥರು ಕೇಳಲಿ. “ಬೀಗರೆ, ನಿಮ್ಮ ಕಡೆ ಬಸ್ಸು ಎಷ್ಟು, ಕಾರು ಎಷ್ಟು?” ಎಂದರೆ ಸಾಕು. ಒಂದು ಬಸ್ಸಿಗೆ ಐವತ್ತು ಜನ, ಒಂದು ಕಾರಿಗೆ ಐವರು, ಲೆಕ್ಕ ತಾನೇ ಬರುತ್ತದೆ. ಮದುವೆಗೆ ಮೂರು ದಿನ ಇರುವಾಗ ಗಂಡಿನ ಕಡೆಯವರು ತಾವೇ ಫೋನು ಮಾಡಿ ಕೊನೆಯ ಸಂಖ್ಯೆ ತಿಳಿಸುವುದು ಸೌಜನ್ಯ. ಹೆಚ್ಚು ಜನ ಬರುವಂತಿದ್ದರೆ ಹೆಚ್ಚಿದ ಎಲೆಯ ಖರ್ಚು ನಮ್ಮದು ಎಂದು ಹೇಳುವ ಗಂಡಿನ ತಂದೆಯರು ಈಗೀಗ ಕಾಣಸಿಗುತ್ತಾರೆ. ಅವರ ಮನೆಗೆ ಹೆಣ್ಣು ಕೊಟ್ಟವರು ನೆಮ್ಮದಿಯಿಂದ ಇದ್ದಾರೆ.

ಕರೆಯದೆ ಬಂದವರ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಬಾಗಿಲಲ್ಲಿ ಲೆಕ್ಕ ಹಿಡಿದು ನಿಲ್ಲಬೇಡಿ. ಬಂದವರು ಎಲೆಗೆ ಕೂತ ಮೇಲೆ ಅವರು ನಿಮ್ಮ ಅತಿಥಿಗಳು. ಅವರಿಗಾಗಿಯೇ ಮೂಟೆ ಲೆಕ್ಕ ಇರುವುದು.

ದಿನಗಳ ಲೆಕ್ಕ, ಮತ್ತು ಮುಯ್ಯಿ ಪುಸ್ತಕ

ಪತ್ರಿಕೆ ಹಂಚುವುದು ಮದುವೆಗೆ ಹದಿನೈದು ದಿನ ಇರುವಾಗಲೇ ಮುಗಿದಿರಲಿ. ಹತ್ತು ದಿನ ಇರುವಾಗ ಊರಿಗೊಬ್ಬರಂತೆ ಇಟ್ಟವರಿಂದ ಮೊದಲ ಲೆಕ್ಕ ತರಿಸಿ. ಆಗ ಕಿರಾಣಿ ಸಾಮಾನು ಹಾಕಿಸಿ, ಅದು ಹೆಚ್ಚಾದರೂ ವಾಪಸಾಗುತ್ತದೆ. ನಾಲ್ಕು ದಿನ ಇರುವಾಗ ಎರಡನೇ ಲೆಕ್ಕ, ಅದನ್ನು ನೋಡಿ ಸಿಹಿ ಮತ್ತು ಹಾಲು. ಹಿಂದಿನ ದಿನ ತರಕಾರಿ, ಎಲೆ. ಹೀಗೆ ಕೆಡುವ ಸಾಮಾನಿನ ತೀರ್ಮಾನವನ್ನು ಎಷ್ಟು ಕೊನೆಗೆ ತಳ್ಳಿದರೆ ಅಷ್ಟು ಒಳ್ಳೆಯದು.

ಯಾರು ಬರುತ್ತಾರೆ ಎಂದು ತಿಳಿಯಲು ಮನೆಯಲ್ಲೇ ಒಂದು ದಾಖಲೆ ಇದೆ, ಅದನ್ನು ಯಾರೂ ತೆಗೆದು ನೋಡುವುದಿಲ್ಲ. ಅದು ಹಿಂದಿನ ಮದುವೆಯ ಮುಯ್ಯಿ ಪುಸ್ತಕ. ದೊಡ್ಡ ಮಗಳ ಮದುವೆಗೋ ತಮ್ಮನ ಮಗನ ಮದುವೆಗೋ ಯಾರು ಕೈಯಾರೆ ಬಂದು ಮುಯ್ಯಿ ಮಾಡಿದರು, ಯಾರದ್ದು ಇನ್ನೊಬ್ಬರ ಕೈಯಲ್ಲಿ ಬಂತು ಎಂಬುದು ಅದರಲ್ಲಿ ಬರೆದಿರುತ್ತದೆ. ಪತ್ರಿಕೆಯ ಪಟ್ಟಿಯನ್ನು ಅದರ ಪಕ್ಕ ಇಟ್ಟುಕೊಂಡು ಗುರುತು ಹಾಕುತ್ತಾ ಹೋದರೆ, ಫೋನಿನಲ್ಲಿ “ನೋಡೋಣ” ಎಂದವರ ಪೈಕಿ ಅರ್ಧ ಮನೆಗಳಿಗೆ ಉತ್ತರ ಅಲ್ಲಿಯೇ ಸಿಗುತ್ತದೆ. ನೀವು ಅವರ ಮನೆಯ ಮದುವೆಗೆ ಎಷ್ಟು ಜನ ಹೋಗಿದ್ದಿರಿ ಎಂಬುದನ್ನೂ ಜ್ಞಾಪಿಸಿಕೊಳ್ಳಿ. ಸಾಮಾನ್ಯವಾಗಿ ಅಷ್ಟೇ ಜನ ಬರುತ್ತಾರೆ.

ಇಷ್ಟು ಮಾಡಿದರೂ ಊಟ ಉಳಿಯಬಹುದು. ಉಳಿದ ಮೇಲೆ ಹುಡುಕಾಡದೆ, ಎರಡು ದಿನ ಮೊದಲೇ ಹತ್ತಿರದ ವಿದ್ಯಾರ್ಥಿನಿಲಯದ ವಾರ್ಡನ್ನರ ಜೊತೆ ಮಾತಾಡಿಟ್ಟುಕೊಳ್ಳಿ. ಅವರಿಗೆ ಮಧ್ಯಾಹ್ನ ಮೂರರೊಳಗೆ ಹೇಳಿದರೆ ಮಾತ್ರ ತಮ್ಮ ಸಂಜೆಯ ಅಡುಗೆ ತಡೆಯಲು ಸಾಧ್ಯ. ಕೊಡುವುದು ಬಡಿಸದೆ ಮುಚ್ಚಿಟ್ಟ ಪಾತ್ರೆಯ ಅನ್ನ, ಸಾರು, ಪಲ್ಯ ಮಾತ್ರ. ಮೊಸರು, ಮಜ್ಜಿಗೆ ಹುಳಿ, ಕೋಸಂಬರಿ ಕೊಡಬೇಡಿ, ಅವು ಹೊತ್ತು ಕಳೆದಂತೆ ಕೆಡುತ್ತವೆ. ಪಾತ್ರೆ ವಾಪಸು ತರಲು ಒಬ್ಬ ಹುಡುಗನನ್ನು, ಒಂದು ಆಟೋವನ್ನು ಮೊದಲೇ ಗೊತ್ತು ಮಾಡಿರಬೇಕು. ಛತ್ರ ಖಾಲಿ ಮಾಡುವ ಗಡಿಬಿಡಿಯಲ್ಲಿ ಕೊಳದಪ್ಪಲೆಗಳು ಕಾಣೆಯಾಗುವುದು ಇಲ್ಲಿಯೇ. ಬಿಚ್ಚದ ಮೂಟೆಗಳನ್ನು ಮಾರನೇ ದಿನ ಬೆಳಿಗ್ಗೆಯೇ ಅಂಗಡಿಗೆ ಮುಟ್ಟಿಸಿ, ಚೀಟಿಯಲ್ಲಿ ಜಮಾ ಬರೆಸಿಕೊಳ್ಳಿ. ಎಷ್ಟು ಎಲೆ ಕೂತಿತು, ಎಷ್ಟು ಮೂಟೆ ವಾಪಸಾಯಿತು ಎಂಬ ಎರಡು ಸಂಖ್ಯೆಯನ್ನು ಮುಯ್ಯಿ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖಿನ ಸಮೇತ ಬರೆದಿಟ್ಟರೆ ಚಿಕ್ಕ ಮಗಳ ಮದುವೆಗೆ ಆಗುತ್ತದೆ.